ಆಕ್ಸ್ ಒಂದು, ಆಕಾಂಕ್ಷಿಗಳು ಮೂವರು

ದಾವಣಗೆರೆ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ ಎಂದರೆ ನಾಟಕ, ನಾಟಕ ಎಂದರೆ ಕ್ಯಾಸಿಯೊ. ಯಾವ ಕಂಪನಿಯ ಕೀಬೋರ್ಡ್ ಆಗಿರಲಿ, ರಂಗಮಂಟಪದ ಪಕ್ಕದ ಬೆಂಚಿನ ಮೇಲೆ ಕೂತಿತೆಂದರೆ ಅದು ಕ್ಯಾಸಿಯೊನೇ. ಅದರ ಎಡಕ್ಕೆ ತಾಳ ಬಾರಿಸುವ ಎಲೆಕ್ಟ್ರಾನಿಕ್ ರಿದಂ ಪ್ಯಾಡ್. ಬಲಕ್ಕೆ ಗುಡುಗು, ಮಳೆ, ಪೊಲೀಸ್ ಜೀಪಿನ ಸೈರನ್, ಖಳನಾಯಕ ಬರುವಾಗಿನ ಸಂಗೀತ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಮೊಬೈಲ್. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯನ್ನು ಕಂಡ ಸೀಮೆಯಿದು. ಪ್ರೇಕ್ಷಕರ ಕಿವಿ ಚುರುಕು. ಗುಡುಗು ತಡವಾಗಿ ಬಂದರೆ ಶಿಳ್ಳೆ ಬೇಗ ಬರುತ್ತದೆ.

ಮೈಕ್ ಸೆಟ್‌ನವರು ಇಳಿಸಿಹೋದ ಆಂಪ್ಲಿಫೈಯರ್‌ನಲ್ಲಿ ಮೈಕಿಗೆಂದು ಐದಾರು ಕಿಂಡಿಗಳಿರುತ್ತವೆ. ಕೀಬೋರ್ಡ್, ಮೊಬೈಲಿನಂಥ ಯಂತ್ರಗಳಿಗೆಂದು ಆಕ್ಸ್ ಎಂದು ಬರೆದದ್ದು ಸಾಮಾನ್ಯವಾಗಿ ಒಂದು, ಹೆಚ್ಚೆಂದರೆ ಎರಡು. ಆಕಾಂಕ್ಷಿಗಳು ಮೂವರು. ಮೂವರನ್ನೂ ಒಂದೇ ಕಿಂಡಿಗೆ ಸೇರಿಸುವ ಪ್ಯಾಸಿವ್ ಮಿಕ್ಸರ್ ಎಂಬ ಡಬ್ಬಿಯ ಕಥೆ ಇದು. ಖಾಲಿ ಬಿದ್ದಿರುವ ಮೈಕ್ ಕಿಂಡಿಗೆ ಕ್ಯಾಸಿಯೊ ಚುಚ್ಚಿದರಾಯಿತು ಎನ್ನುವವರಿದ್ದಾರೆ. ಮೈಕ್ ಕಿಂಡಿ ನಿರೀಕ್ಷಿಸುವುದು ಒಂದೆರಡು ಮಿಲಿವೋಲ್ಟ್. ಕ್ಯಾಸಿಯೊ ಕೊಡುವುದು ಅರ್ಧದಿಂದ ಒಂದು ವೋಲ್ಟ್. ನೂರಾರು ಪಟ್ಟು ಹೆಚ್ಚು. ನಾಬನ್ನು ಒಂದು ಗೆರೆ ಸರಿಸುವಷ್ಟರಲ್ಲಿ ಹಾಡು ಹರಿದ ಬಟ್ಟೆ ಆಗಿರುತ್ತದೆ.

ಇನ್ನೊಬ್ಬರು ಜೇಬಿನಿಂದ ವೈ ಕೇಬಲ್ ತೆಗೆಯುತ್ತಾರೆ. ಎರಡು ಬಾಲ, ಒಂದು ಮೂತಿ. ಒಂದು ಯಂತ್ರದ ಸದ್ದನ್ನು ಎರಡು ಕಡೆ ಹಂಚುವುದಕ್ಕೆ ಇದು ಒಳ್ಳೆಯ ಸಾಧನ. ಎರಡು ಯಂತ್ರಗಳನ್ನು ಒಂದು ಕಡೆ ಕೂಡಿಸುವುದಕ್ಕೆ ಅಲ್ಲ. ಈಗಿನ ಯಂತ್ರಗಳ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಸದ್ದು ಹೊರಡುವ ಕಡೆಯ ವಿದ್ಯುತ್ ತಡೆ, ಬಹಳ ಕಡಿಮೆ, ಕೆಲವು ಓಮ್‌ಗಳಿಂದ ಕೆಲವು ನೂರು ಓಮ್‌ಗಳವರೆಗೆ. ಅಂದರೆ ಪ್ರತಿಯೊಂದೂ ತನ್ನ ತಂತಿಯ ವೋಲ್ಟೇಜ್ ತಾನು ಹೇಳಿದಷ್ಟೇ ಇರಬೇಕೆಂದು ಹಟ ಹಿಡಿಯುತ್ತದೆ. ಅಂಥ ಎರಡನ್ನು ನೇರವಾಗಿ ಬೆಸೆದರೆ, ಒಂದೇ ಬಾಗಿಲನ್ನು ಒಳಗಿನವನು ಹೊರಕ್ಕೆ, ಹೊರಗಿನವನು ಒಳಕ್ಕೆ ತಳ್ಳಿದ ಹಾಗೆ. ಕ್ಯಾಸಿಯೊ ಕಳಿಸಿದ ಕರೆಂಟು ಆಂಪ್ಲಿಫೈಯರ್‌ಗೆ ಹೋಗುವ ಬದಲು ಮೊಬೈಲಿನ ಹೊಟ್ಟೆಗೆ ಹೋಗುತ್ತದೆ, ಮೊಬೈಲಿನದು ಕ್ಯಾಸಿಯೊಗೆ. ಸದ್ದು ಕುಗ್ಗುತ್ತದೆ, ಜೋರಿನ ಜಾಗದಲ್ಲಿ ಕರಕರ ಒಡೆಯುತ್ತದೆ. ಸುಟ್ಟೇ ಹೋಗುತ್ತದೆ ಎಂದು ಹೆದರಿಸುವುದೂ ಅತಿಯೇ. ಬಹುತೇಕ ಔಟ್‌ಪುಟ್ ಚಿಪ್‌ಗಳಿಗೆ ತಮ್ಮನ್ನು ಕಾಪಾಡಿಕೊಳ್ಳುವ ಬುದ್ಧಿ ಇದೆ. ಆದರೆ ರಾತ್ರಿಯಿಡೀ ಆ ಬುದ್ಧಿಯನ್ನು ಪರೀಕ್ಷಿಸುವುದು ಸಭ್ಯತೆಯಲ್ಲ.

ಇಲ್ಲಿ ಬೇಕಾದದ್ದು ನಡುವೆ ನಿಂತು ಜಗಳ ಬಿಡಿಸುವ ರೆಸಿಸ್ಟರ್, ಕರೆಂಟಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ. ಪ್ರತಿ ಯಂತ್ರದ ತಂತಿಗೂ ಒಂದೊಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಚೆ ತುದಿಗಳನ್ನೆಲ್ಲ ಗಂಟು ಹಾಕಿ, ಗಂಟಿನಿಂದ ಒಂದು ತಂತಿ ಆಕ್ಸ್‌ಗೆ. ಇಷ್ಟನ್ನು ಡಬ್ಬಿಯಲ್ಲಿಟ್ಟು ನಾಬ್ ಸಿಕ್ಕಿಸಿದರೆ ಅದೇ ಪ್ಯಾಸಿವ್ ಮಿಕ್ಸರ್. ಅಡಾಪ್ಟರ್ ಇಲ್ಲ, ಬ್ಯಾಟರಿ ಇಲ್ಲ, ಮಿಣುಕುವ ದೀಪವೂ ಇಲ್ಲ. ಆನ್ ಮಾಡುವ ಸ್ವಿಚ್ಚೇ ಇಲ್ಲದ್ದರಿಂದ ಆಫ್ ಮಾಡಲು ಮರೆಯುವ ಪ್ರಶ್ನೆಯೂ ಇಲ್ಲ.

ಕರೆಂಟು ತಿನ್ನದ ಈ ಡಬ್ಬಿ ಸದ್ದು ತಿನ್ನುತ್ತದೆ. ಗಂಟಿನಲ್ಲಿ ಸಿಗುವುದು ಮೂರು ಸದ್ದುಗಳ ಮೊತ್ತ ಅಲ್ಲ, ಸರಾಸರಿ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದ ಲೆಕ್ಕ. ಒಬ್ಬ ಸುಮ್ಮನಿದ್ದರೂ ಅವನು ತಲೆಯೆಣಿಕೆಗೆ ಬರುತ್ತಾನೆ. ಹೀಗಾಗಿ ಎರಡು ಕಿಂಡಿಯ ಡಬ್ಬಿಯಲ್ಲಿ ಪ್ರತಿ ಸದ್ದೂ ಅರ್ಧಕ್ಕೆ ಇಳಿಯುತ್ತದೆ, ಅಂದರೆ 6 ಡೆಸಿಬೆಲ್ ಖೋತಾ. ಮೂರರಲ್ಲಿ 9.5, ನಾಲ್ಕರಲ್ಲಿ 12. ಡಬ್ಬಿ ದೊಡ್ಡದಾದಷ್ಟೂ ಪಾಲು ಚಿಕ್ಕದು. ಹದಿನಾರು ಕಿಂಡಿಯ ಪ್ಯಾಸಿವ್ ಮಿಕ್ಸರ್ ಮಾಡಬೇಕೆಂಬ ಉತ್ಸಾಹ ಬಂದರೆ ಎರಡು ದಿನ ಸುಮ್ಮನಿರುವುದು ಒಳ್ಳೆಯದು.

ಮೂರು ನಾಲ್ಕರ ಮಟ್ಟಿಗಾದರೆ ಈ ಖೋತಾಗೆ ಕೊರಗಬೇಕಿಲ್ಲ. ಮೈಕ್ ಸೆಟ್‌ನ ಆಂಪ್ಲಿಫೈಯರ್‌ಗಳಲ್ಲಿ ಆಕ್ಸ್ ಕಿಂಡಿಗೆ ಪೂರ್ತಿ ಸದ್ದು ಕೊಡಲು 100 ಮಿಲಿವೋಲ್ಟ್ ಆಸುಪಾಸು ಇದ್ದರೆ ಸಾಕು. ಮೊಬೈಲ್ ಅರ್ಧ ವೋಲ್ಟ್ ಕೊಟ್ಟು ಅದರಲ್ಲಿ ಮೂರನೇ ಒಂದು ಪಾಲು ಉಳಿದರೂ 160 ಮಿಲಿವೋಲ್ಟ್ ಮೇಲೆಯೇ ಆಯಿತು. ಇಷ್ಟು ದಿನ 2ರಲ್ಲಿದ್ದ ಆಕ್ಸ್ ನಾಬು 5ಕ್ಕೆ ಬರುತ್ತದೆ, ಅಷ್ಟೆ. ನಿಜ ಹೇಳಬೇಕೆಂದರೆ 2ರಲ್ಲಿ ಇಟ್ಟು ಕೂದಲೆಳೆಯಷ್ಟು ತಿರುಗಿಸಿ ಪರದಾಡುವುದಕ್ಕಿಂತ 5 ಸುಖ. ಒಳಗಡೆಯೇ ಆಂಪ್ಲಿಫೈಯರ್ ಇರುವ ಸ್ಪೀಕರ್‌ಗಳಲ್ಲಿ ಮಾತ್ರ ಲೆಕ್ಕ ತುಸು ಬೇರೆ: ಅವುಗಳ ಇನ್‌ಪುಟ್ 10 ಕಿಲೋ ಓಮ್ ಇದ್ದರೆ ಇನ್ನೂ ಎರಡೂವರೆ ಡೆಸಿಬೆಲ್ ಸೋರುತ್ತದೆ.

ಕಟ್ಟಿಕೊಳ್ಳುವವರಿಗೆ ಸಾಮಾನು ಹೆಚ್ಚಿಲ್ಲ. ಕಾಲು ವ್ಯಾಟಿನ, ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು. ಹಳೆಯ ನಾಲ್ಕು ಪಟ್ಟಿಯವಾದರೆ ಕಂದು, ಕಪ್ಪು, ಕಿತ್ತಳೆ ನೋಡಿಕೊಂಡು ಆರಿಸಬೇಕು. 10 ಕಿಲೋ ಓಮಿನ ಲಾಗ್ (ಸದ್ದು ಕಿವಿಗೆ ಸಮನಾಗಿ ಏರುವಂಥ) ವಾಲ್ಯೂಮ್ ಕಂಟ್ರೋಲ್ ಮೂರು. ಬೆನ್ನಿನ ಮೇಲೆ ಎ 10 ಕೆ ಎಂದಿದ್ದರೆ ಅದು ಲಾಗ್, ಬಿ 10 ಕೆ ಎಂದಿದ್ದರೆ ಲೀನಿಯರ್. ಲೀನಿಯರ್ ಹಾಕಿದರೂ ಸದ್ದು ಬರುತ್ತದೆ, ಆದರೆ ಏರಿಳಿತವೆಲ್ಲ ಶುರುವಿನ ಕಾಲುಭಾಗದಲ್ಲೇ ಮುಗಿದು ಉಳಿದ ಮುಕ್ಕಾಲು ಸುತ್ತು ವ್ಯರ್ಥ ತಿರುಗಾಟ. ಡಬ್ಬಿ ಲೋಹದ್ದೇ ಇರಲಿ. ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಚೆಂದ ಕಾಣಬಹುದು, ಪಕ್ಕದಲ್ಲಿ ಹಾದುಹೋದ ಸೀರಿಯಲ್ ಸೆಟ್‌ನ ಗುಂಯ್ ಎಲ್ಲವನ್ನೂ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ನಾಬಿನ ಲೋಹದ ಮೈ, ಡಬ್ಬಿ, ಜ್ಯಾಕ್‌ಗಳ ಗ್ರೌಂಡ್ (ಕರೆಂಟು ಮರಳುವ ಸಾಮಾನ್ಯ ತಂತಿ) ಎಲ್ಲವೂ ಒಂದೇ ಬಿಂದುವಿಗೆ ಬಂದು ಸೇರಬೇಕು. ನಾಬ್ ಮುಟ್ಟಿದಾಗ ಗುಂಯ್ ಬದಲಾದರೆ ಅದರ ಮೈ ಗ್ರೌಂಡಿಗೆ ತಾಗಿಲ್ಲ ಎಂದು ಅರ್ಥ.

ರೆಸಿಸ್ಟರ್ ಎಲ್ಲಿ ಕೂರಬೇಕು ಎಂಬುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಯಂತ್ರದಿಂದ ಬಂದ ತಂತಿ ವಾಲ್ಯೂಮ್ ಕಂಟ್ರೋಲಿನ ಒಂದು ಕೊನೆಯ ಕಾಲಿಗೆ, ಇನ್ನೊಂದು ಕೊನೆ ಗ್ರೌಂಡಿಗೆ, ನಡುವಿನ ಕಾಲಿನಿಂದ ಹೊರಟ ತಂತಿಗೆ ರೆಸಿಸ್ಟರ್, ಅದರ ಆಚೆ ಗಂಟು. ರೆಸಿಸ್ಟರ್ ಬಿಟ್ಟು ನಡುಗಾಲನ್ನೇ ಗಂಟಿಗೆ ಬೆಸೆದರೆ, ರಿದಂ ಪ್ಯಾಡಿನವನು ತನ್ನ ನಾಬನ್ನು ಸೊನ್ನೆಗೆ ತಂದ ಕ್ಷಣ ಗಂಟೇ ಗ್ರೌಂಡಿಗೆ ಇಳಿಯುತ್ತದೆ. ಅವನ ಜೊತೆಗೆ ಕ್ಯಾಸಿಯೊ, ಗುಡುಗು, ಸೈರನ್ ಎಲ್ಲವೂ ಮೌನ. ಅಗ್ಗದ ರೆಡಿಮೇಡ್ ಡಬ್ಬಿಗಳಲ್ಲೂ ಈ ಉಳಿತಾಯ ನಡೆದಿರುತ್ತದೆ. ಕೊಳ್ಳುವ ಮೊದಲು ಒಂದು ನಾಬನ್ನು ಸೊನ್ನೆ ಮಾಡಿ ಇನ್ನೊಂದರ ಸದ್ದು ಕೇಳಿ ನೋಡುವುದು ಅದಕ್ಕೇ.

ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿಯುವವರಿಗೆ ಒಂದು ಮಾತು. ಮೂರು ಕಿಂಡಿಯ ಡಬ್ಬಿಯಲ್ಲಿ ಒಂದು ನಾಬನ್ನು ಪೂರ್ತಿ ಏರಿಸಿ, ಉಳಿದೆರಡನ್ನು ಸೊನ್ನೆ ಮಾಡಿ, ಏರಿಸಿದ ಕಿಂಡಿಯ ತುದಿಯಿಂದ ಔಟ್‌ಪುಟ್ ತುದಿಗೆ ಅಳೆದರೆ 10 ಕಿಲೋ ಓಮ್ ತೋರಿಸುವುದಿಲ್ಲ, 6 ತೋರಿಸುತ್ತದೆ. ರೆಸಿಸ್ಟರ್ ಕೆಟ್ಟದ್ದಲ್ಲ. ಮೀಟರಿನ ಕರೆಂಟು ವಾಲ್ಯೂಮ್ ಕಂಟ್ರೋಲಿನಿಂದ ಗ್ರೌಂಡಿಗಿಳಿದು, ಅಲ್ಲಿಂದ ಉಳಿದೆರಡು ರೆಸಿಸ್ಟರ್ ಹತ್ತಿ ಸುತ್ತು ದಾರಿಯಲ್ಲೂ ಬರುತ್ತದೆ: 10 ಮತ್ತು 5 ಸೇರಿ 15, ನೇರ ದಾರಿಯ 10ರ ಜೊತೆ ಪ್ಯಾರಲಲ್ ಆದಾಗ 6. ಆರು ಬಂದರೆ ಡಬ್ಬಿ ಸರಿಯಿದೆ.

ಜ್ಯಾಕ್‌ಗಳದ್ದು ಬೇರೆಯೇ ಪುರಾಣ. ಮೊಬೈಲಿನದು ಸ್ಟೀರಿಯೊ, ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಆಕ್ಸ್ ಮೊನೊ. ಕೊಳವೆ ಸ್ಪೀಕರಿಗೆ ಎಡ ಬಲದ ಭೇದವಿಲ್ಲ. ಇಲ್ಲಿಯೂ ಎಡ ಬಲಗಳನ್ನು ನೇರವಾಗಿ ಬೆಸೆಯಬಾರದು, ಅವೂ ಎರಡು ಬೇರೆ ಔಟ್‌ಪುಟ್‌ಗಳೇ. ಒಂದೊಂದಕ್ಕೂ 4.7 ಕಿಲೋ ಓಮ್ ಹಾಕಿ ಕೂಡಿಸಿ, ಆಮೇಲೆ ನಾಬಿಗೆ ಕೊಟ್ಟರೆ ಮುಗಿಯಿತು. ಮೊನೊ ಪಿನ್ ತಂದು ಸ್ಟೀರಿಯೊ ಕಿಂಡಿಗೆ ಚುಚ್ಚಿದರೆ ಬಲಗಡೆಯ ಸದ್ದು ನೇರ ಗ್ರೌಂಡಿಗೆ ಶಾರ್ಟ್.

ಇದಕ್ಕಿಂತ ಸ್ವಾರಸ್ಯದ ಎಡವಟ್ಟೆಂದರೆ ಹಾಡುಗಾರ್ತಿ ನಾಪತ್ತೆಯಾಗುವುದು. ದುಗ್ಗಮ್ಮನ ಜಾತ್ರೆಯ ಭಕ್ತಿಗೀತೆ ಹಾಕಿದ್ದಾರೆ, ತಬಲಾ ಕೇಳುತ್ತದೆ, ಕೊಳಲು ಕೇಳುತ್ತದೆ, ಹಾಡುವವರ ದನಿ ಮಾತ್ರ ಬಾವಿಯಾಳದಿಂದ ಬಂದಂತೆ ತೆಳ್ಳಗೆ. ಫೈಲು ಕೆಟ್ಟಿದೆ ಎಂದು ಇನ್ನೊಂದು ಹಾಡು ಹಾಕಿದರೆ ಅದೂ ಹಾಗೇ. ಮೊಬೈಲಿನ ಸ್ಟೀರಿಯೊ ಪಿನ್ನನ್ನು ಬ್ಯಾಲೆನ್ಸ್ಡ್ ಕಿಂಡಿಗೆ ಚುಚ್ಚಿದಾಗ ಹೀಗಾಗುತ್ತದೆ. ಆ ಕಿಂಡಿ ತುದಿಯ ಸದ್ದಿನಿಂದ ಉಂಗುರದ ಸದ್ದನ್ನು ಕಳೆಯುತ್ತದೆ. ಹಾಡುವವರ ದನಿಯನ್ನು ಸ್ಟುಡಿಯೊದವರು ನಡುಮಧ್ಯೆ, ಎಡಬಲಗಳಲ್ಲಿ ಸಮಸಮವಾಗಿ ಇಟ್ಟಿರುತ್ತಾರೆ. ಸಮದಿಂದ ಸಮ ಕಳೆದರೆ ಸೊನ್ನೆ. ಪಕ್ಕಕ್ಕೆ ಸರಿದು ಕೂತ ತಬಲಾ, ಕೊಳಲು ಬಚಾವ್. ಪಿನ್ ಅರ್ಧ ಮಾತ್ರ ಒಳಗೆ ಹೋಗಿ ಬುಡದ ಗ್ರೌಂಡ್ ತಾಗದಿದ್ದರೂ ಇದೇ ಫಲ. ಆದ್ದರಿಂದ ಮೊದಲು ಪಿನ್ನನ್ನು ಗಟ್ಟಿಯಾಗಿ ಒತ್ತಿ ನೋಡುವುದು, ಆಮೇಲೆ ಫೈಲಿಗೆ ಬೈಯುವುದು.

ಮೈಕನ್ನು ಈ ಡಬ್ಬಿಗೆ ತರಲೇಬಾರದು. ಮೈಕಿನ ಒಂದೆರಡು ಮಿಲಿವೋಲ್ಟಿನಲ್ಲಿ ಮೂರನೇ ಒಂದು ಪಾಲು ಅಂದರೆ ಉಳಿಯುವುದು ಹಿಸ್ ಎಂಬ ಉಸಿರು. ಕಂಡೆನ್ಸರ್ ಮೈಕಿಗಂತೂ ಮೈಕಿನ ತಂತಿಯಲ್ಲೇ ಬರುವ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು, ತಾನೇ ಉಪವಾಸವಿರುವ ಡಬ್ಬಿ ಅದನ್ನೆಲ್ಲಿಂದ ತಂದೀತು? ಮೈಕುಗಳು ಆಂಪ್ಲಿಫೈಯರಿನ ಮೈಕ್ ಕಿಂಡಿಗಳಿಗೇ ಹೋಗಲಿ.

ಹಾರ್ಮೋನಿಯಂ ಹಲಗೆಗೆ ಅಂಟಿಸುವ, ಅದರ ಕಂಪನವನ್ನು ವಿದ್ಯುತ್ತಾಗಿಸುವ ಪೀಜೊ ಬಿಲ್ಲೆಯದು ಇನ್ನೂ ನಾಜೂಕು ವಿಷಯ. 27 ಮಿಲಿಮೀಟರಿನ ಬಿಲ್ಲೆ ವಿದ್ಯುತ್ತಿನ ಕಣ್ಣಿಗೆ ಸುಮಾರು 20 ನ್ಯಾನೋಫ್ಯಾರಡ್‌ನ ಕೆಪಾಸಿಟರ್. ಅದರ ಮುಂದೆ 10 ಕಿಲೋ ಓಮ್ ಇಟ್ಟರೆ 800 ಹರ್ಟ್ಜ್ ಕೆಳಗಿನ ಸ್ವರಗಳೆಲ್ಲ ಸೋರಿಹೋಗುತ್ತವೆ. ಹಾರ್ಮೋನಿಯಂನ ಕೆಳಗಿನ ಷಡ್ಜ 130 ಹರ್ಟ್ಜ್ ಆಸುಪಾಸಿನದ್ದು. ಮೂಲಸ್ವರ ಹೋಗಿ ಮೇಲಿನ ಕೀರಲು ಉಳಿದು, ಹಾರ್ಮೋನಿಯಂ ಪೀಪಿಯಾಗುತ್ತದೆ. ಅದೇ ಬಿಲ್ಲೆಗೆ 1 ಮೆಗಾ ಓಮ್ ಸಿಕ್ಕರೆ ಗಡಿ 8 ಹರ್ಟ್ಜ್‌ಗೆ ಇಳಿಯುತ್ತದೆ. ಅದಕ್ಕೆ ನಡುವೆ ಬ್ಯಾಟರಿಯ ಸಣ್ಣ ಪ್ರಿಆಂಪ್ (ಮುಂಚೂಣಿಯ ಪುಟ್ಟ ಆಂಪ್ಲಿಫೈಯರ್) ಬೇಕೇ ಬೇಕು. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪಿಗೂ ಇದೇ ಮಾತು.

ಇನ್ನು ಗುಂಯ್. ಮೂರು ಯಂತ್ರಗಳ ಗ್ರೌಂಡುಗಳು ಡಬ್ಬಿಯಲ್ಲಿ ಒಂದಾಗುತ್ತವೆ. ಅವು ಗೋಡೆಯ ಪ್ಲಗ್ಗಿನಲ್ಲೂ ಒಂದಾಗಿದ್ದರೆ ಒಂದು ಕುಣಿಕೆ ತಯಾರಾಗಿ 50 ಹರ್ಟ್ಜ್ ಅದರಲ್ಲಿ ಪ್ರದಕ್ಷಿಣೆ ಹಾಕುತ್ತದೆ. ಮೊದಲ ಮದ್ದು, ಎಲ್ಲವನ್ನೂ ಒಂದೇ ಜಂಕ್ಷನ್ ಬೋರ್ಡಿನಿಂದ ಕೊಡುವುದು. ಎರಡನೆಯದು, ಚಾರ್ಜರ್ ಕೀಳುವುದು. ಮೊಬೈಲ್, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಿದಾಗ ಗುಂಯ್ ನಿಂತರೆ ಕಳ್ಳ ಸಿಕ್ಕಂತೆ. ಚಾರ್ಜರ್ ಬೇಕೇ ಬೇಕೆಂದರೆ ಆ ಯಂತ್ರ ಮತ್ತು ಡಬ್ಬಿಯ ನಡುವೆ ಗ್ರೌಂಡುಗಳನ್ನು ಬೇರ್ಪಡಿಸಿ ಸದ್ದನ್ನು ಮಾತ್ರ ದಾಟಿಸುವ 600 ಓಮಿನ 1:1 ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು. ತೀರಾ ಅಗ್ಗದ್ದಾದರೆ ಬಾಸ್ ತಿಂದುಹಾಕುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್, ಅಂದರೆ ಅರ್ತಿಂಗ್ ಪಿನ್, ಮುರಿದುಹಾಕುವ ಮದ್ದು ಊರೂರಲ್ಲೂ ಪ್ರಚಾರದಲ್ಲಿದೆ. ಗುಂಯ್ ನಿಲ್ಲುತ್ತದೆ, ನಿಜ. ಜನರೇಟರ್ ಮೇಲೆ ನಡೆಯುವ ಒದ್ದೆ ಮೈದಾನದ ನಾಟಕದಲ್ಲಿ ಯಂತ್ರದೊಳಗೆ ಒಂದು ತಂತಿ ಬಿಟ್ಟುಕೊಂಡರೆ ಮೈಕ್ ಹಿಡಿದವನ ಉಸಿರೂ ನಿಲ್ಲುತ್ತದೆ.

ನಾಬ್ ತಿರುಗಿಸಿದಾಗ ಕರಕರ ಬಂದರೆ ಸಾಮಾನ್ಯವಾಗಿ ಧೂಳು. ಚಿತ್ರದುರ್ಗದ ಕಡೆ, ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಅದನ್ನು ಪುಕ್ಕಟೆ ತಂದು ತುಂಬುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದರೆ ಹೋಗುತ್ತದೆ. ಹೋಗದಿದ್ದರೆ ಆ ಯಂತ್ರ ಸದ್ದಿನ ಜೊತೆ ಡಿಸಿಯನ್ನೂ (ಒಂದೇ ದಿಕ್ಕಿನ ಕರೆಂಟು) ಕಳಿಸುತ್ತಿದೆ ಎಂದು ಊಹಿಸಬಹುದು. ಕಿಂಡಿಗೆ ಒಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಹಾಕಿದರೆ ಅದಕ್ಕೂ ತಡೆ.

ಡಬ್ಬಿಯನ್ನು ನಿಜವಾಗಿ ಕೊಲ್ಲುವುದು ಆಂಪ್ಲಿಫೈಯರಿನ ಹಿಂಬದಿ. ಅಲ್ಲಿ 100 ವೋಲ್ಟ್ ಎಂದು ಬರೆದ ಟರ್ಮಿನಲ್‌ಗಳು ದೂರದ ಕೊಳವೆಗಳಿಗೆಂದು ಇರುವಂಥವು. ಕತ್ತಲಲ್ಲಿ ಆ ತಂತಿ ಡಬ್ಬಿಗೆ ಬಂದರೆ 10 ಕಿಲೋ ಓಮಿನ ಮೇಲೆ 100 ವೋಲ್ಟ್, ಒಂದು ವ್ಯಾಟ್ ಶಾಖ. ಕಾಲು ವ್ಯಾಟಿನ ರೆಸಿಸ್ಟರ್ ಮೊದಲು ವಾಸನೆ ಕೊಟ್ಟು ಆಮೇಲೆ ಪ್ರಾಣ ಕೊಡುತ್ತದೆ. ಮೊಬೈಲ್ ವಾಸನೆಯನ್ನೂ ಕೊಡದೆ ಹೋಗಬಹುದು. ಔಟ್ ಎಂಬ ಕಿಂಡಿಗೆ ಕೆಂಪು ಟೇಪ್ ಸುತ್ತಿಡುವ ಪದ್ಧತಿ ಇದ್ದಲ್ಲಿ ಈ ಅಪಘಾತ ಕಡಿಮೆ.

ಬೆಣ್ಣೆ ದೋಸೆ ಹೋಟೆಲಿನ ಗಲ್ಲಾದ ಹಿಂದೆಯೂ ಇಂಥ ಡಬ್ಬಿಗೆ ಕೆಲಸವಿದೆ: ಬೆಳಗಿನ ದೇವರನಾಮದ ಮೊಬೈಲ್, ಟೋಕನ್ ನಂಬರ್ ಕೂಗುವ ಕಂಪ್ಯೂಟರ್, ಕ್ರಿಕೆಟ್ ಇದ್ದ ದಿನ ಟಿವಿ, ಮೂರೂ ಸೇರಿ ಚಾವಣಿಯ ಎರಡು ಸ್ಪೀಕರಿಗೆ. ಟೋಕನ್ ಕೂಗು ಕೇಳಬೇಕಾದರೆ ಉಳಿದೆರಡರ ನಾಬನ್ನು ಅರ್ಧಕ್ಕಿಳಿಸಿ ಇಟ್ಟಿರಬೇಕು. ಹಾಡನ್ನು ತಾನೇ ತಗ್ಗಿಸಿ ಕೂಗಿಗೆ ದಾರಿ ಬಿಡುವ ಜಾಣತನ ಪವರ್ ಇರುವ ಆಕ್ಟಿವ್ ಮಿಕ್ಸರುಗಳದ್ದು, ಅದೂ ಎಲ್ಲವಕ್ಕೂ ಇಲ್ಲ. ಹಣ ಬಂತೆಂದು ಸಾರುವ ಯುಪಿಐ ಪೆಟ್ಟಿಗೆಗೆ ಮಾತ್ರ ಯಾವ ಡಬ್ಬಿಯೂ ಬೇಡ, ಅದು ಎಲ್ಲದರ ಮೇಲೆ ಕೇಳಿಸುತ್ತದೆ.

ರೆಸಿಸ್ಟರಿಗೆ ಹಿಂದು ಮುಂದು ಗೊತ್ತಿಲ್ಲದ್ದರಿಂದ ಈ ಡಬ್ಬಿ ತಿರುಗುಮುರುಗಾಗಿಯೂ ನಡೆಯುತ್ತದೆ. ಆಂಪ್ಲಿಫೈಯರಿನ ಲೈನ್ ಔಟ್ ತಂದು ಡಬ್ಬಿಯ ಔಟ್‌ಪುಟ್ ಕಿಂಡಿಗೆ ಕೊಟ್ಟರೆ, ಮೂರು ಇನ್‌ಪುಟ್‌ಗಳಿಂದ ಮೂವರಿಗೆ ಸದ್ದು ಹಂಚಬಹುದು: ವಿಡಿಯೊದವರಿಗೆ, ರೆಕಾರ್ಡರಿನವರಿಗೆ, ಫೇಸ್‌ಬುಕ್ ಲೈವ್ ಮಾಡುವವರಿಗೆ. ನಾಬ್ ಪೂರ್ತಿ ಏರಿಸಿದ್ದರೆ ಒಬ್ಬೊಬ್ಬರಿಗೆ ಬಂದದ್ದರ ಅರ್ಧ ಸಿಗುತ್ತದೆ, ಇಳಿಸಿದರೆ ಅದಕ್ಕೂ ಕಡಿಮೆ. ಕ್ಯಾಮೆರಾದ್ದು ಮೈಕ್ ಕಿಂಡಿಯಾದ್ದರಿಂದ ಅವರ ನಾಬನ್ನು ಸೊನ್ನೆಯಿಂದ ಒಂದೇ ಒಂದು ಗೆರೆ ಮೇಲೆ ಇಟ್ಟು, ಮುಟ್ಟಬೇಡಿ ಎಂದು ಹೇಳಿ ಬರಬೇಕು.