ದುಬೈ ಸಾಲ ಮಲೆನಾಡಿಗೆ ಬರುವುದಿಲ್ಲವೇ?

‘ದುಬೈ ಕೋರ್ಟಿನ ತೀರ್ಪು ಭಾರತದಲ್ಲಿ ನಡೆಯುವುದಿಲ್ಲ, ಊರಿಗೆ ಬಂದರೆ ಸಾಲ ಮುಗಿಯಿತು’ ಎಂಬ ಸಂದೇಶ ತೀರ್ಥಹಳ್ಳಿ, ಸಾಗರದ ಕಡೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಒಂದು ಕಾಲಕ್ಕೆ ಇದರಲ್ಲಿ ಅರ್ಧ ಸತ್ಯವಿತ್ತು. ಈಗ ಅದೂ ಇಲ್ಲ.

2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ದುಬೈ ಸೇರಿರುವ ಯುಎಇಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಪರಸ್ಪರ ಮಾನ್ಯತೆಯ ದೇಶವೆಂದು ಅಧಿಸೂಚಿಸಿತು. ಬ್ರಿಟನ್, ಸಿಂಗಪುರ ಮೊದಲೇ ಆ ಪಟ್ಟಿಯಲ್ಲಿದ್ದವು. ಅಧಿಸೂಚನೆಯಲ್ಲಿ ಹೆಸರಿಸಿದ ಅಲ್ಲಿನ ನ್ಯಾಯಾಲಯದ ಹಣದ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ಆದೇಶ) ಇದ್ದರೆ, ಬ್ಯಾಂಕು ಹೊಸ ದಾವೆ ಹೂಡಬೇಕಿಲ್ಲ. ಡಿಕ್ರಿಯ ದೃಢೀಕೃತ ನಕಲು, ಎಷ್ಟು ಹಣ ಈಗಾಗಲೇ ವಸೂಲಾಗಿದೆ ಎಂಬ ಪ್ರಮಾಣಪತ್ರ, ಇವೆರಡನ್ನು ಜಿಲ್ಲಾ ನ್ಯಾಯಾಲಯಕ್ಕೆ ಸಲ್ಲಿಸಿದರೆ ಅದು ಶಿವಮೊಗ್ಗದಲ್ಲೇ ಆದ ಡಿಕ್ರಿಯಂತೆ ಜಾರಿಗೆ ಬರುತ್ತದೆ. ಪಹಣಿಯಲ್ಲಿ ಸಾಲಗಾರನ ಹೆಸರಿರುವ ಅಡಿಕೆ ತೋಟವೂ ಜಪ್ತಿಗೆ ಒಳಗಾಗಬಹುದು.

ಹಾಗೆಂದು ತೀರ್ಪು ಬಂದ ಮರುದಿನವೇ ಕೋರ್ಟಿನ ಅಮೀನರು ಬಾಗಿಲು ತಟ್ಟುವುದಿಲ್ಲ. ಅದೇ ಸಂಹಿತೆಯ 13ನೇ ಕಲಮು ರಕ್ಷಣೆ ಕೊಡುತ್ತದೆ: ನೋಟಿಸ್ ಕೊಡದೆ, ವಾದ ಕೇಳದೆ ಪಡೆದ ತೀರ್ಪು, ಮೋಸದಿಂದ ಪಡೆದ ತೀರ್ಪು, ಪ್ರಕರಣದ ಸತ್ವವನ್ನೇ ವಿಚಾರಿಸದ ತೀರ್ಪು ಇಲ್ಲಿ ನಿಲ್ಲುವುದಿಲ್ಲ. ಆದರೆ ನೋಟಿಸ್ ಪಡೆದೂ ಸುಮ್ಮನೆ ಕುಳಿತವರಿಗೆ ಇದು ಸುಲಭದ ದಾರಿಯಲ್ಲ. ತೆರಿಗೆ, ದಂಡದ ಬಾಕಿಗೆ 44ಎ ಅನ್ವಯಿಸುವುದಿಲ್ಲ.

ಅಮೆರಿಕ ಆ ಪಟ್ಟಿಯಲ್ಲಿಲ್ಲ. ಅಲ್ಲಿನ ತೀರ್ಪು ಹಿಡಿದು ಬಂದವರು ಅದರ ಆಧಾರದ ಮೇಲೆ ಇಲ್ಲಿ ಹೊಸ ದಾವೆ ಹೂಡಬೇಕು, ಅದೂ ತೀರ್ಪಿನ ದಿನದಿಂದ 3 ವರ್ಷದೊಳಗೆ.