ಪುಸ್ತಕಗೋಷ್ಠಿಯ ಔಟ್‌ಟರ್ನ್

ಕೊಡಗಿನಲ್ಲಿ ಕಾಫಿ ಮಾರಲು ಹೋದರೆ ವ್ಯಾಪಾರಿ ಯೋಗಕ್ಷೇಮಕ್ಕಿಂತ ಮೊದಲು ಕೇಳುವುದು ಓಟಿ, ಅಂದರೆ ಔಟ್‌ಟರ್ನ್. ಐವತ್ತು ಕೆ.ಜಿ. ಒಣಗಿದ ಚೆರಿ ಸುಲಿದರೆ ಎಷ್ಟು ಕೆ.ಜಿ. ಬೀಜ ಬೀಳುತ್ತದೆ ಎಂಬ ಲೆಕ್ಕ. 26 ಬಿದ್ದರೆ ಸರಿ, 28 ಬಿದ್ದರೆ ಕಾಫಿ ತರಿಸುತ್ತಾನೆ, 22 ಅಂದರೆ ಮೂಟೆ ವಾಪಸ್ ಜೀಪಿಗೆ. ಇಷ್ಟು ಕಟ್ಟುನಿಟ್ಟಿನ ಜಿಲ್ಲೆಯಲ್ಲಿ ಓಟಿ ನೋಡದೆ ಒಪ್ಪಿಕೊಳ್ಳುವ ಸರಕು ಒಂದೇ: ಹಳೆಯ ಪುಸ್ತಕಪ್ರಿಯರ ವಿಚಾರಗೋಷ್ಠಿ.

ಗೋಷ್ಠಿಯನ್ನು ಯಾವಾಗ ಇಡಬೇಕು ಎಂಬುದಕ್ಕೆ ಶಾಸ್ತ್ರವಿದೆ. ಡಿಸೆಂಬರಿನಿಂದ ಕಾಫಿ ಕೊಯ್ಲು, ಅದು ಮುಗಿದರೆ ಕರಿಮೆಣಸು, ಏಪ್ರಿಲ್–ಮೇನಲ್ಲಿ ಮದುವೆ. ಎಲ್ಲರಿಗೂ ಬಿಡುವಿರುವುದು ಜುಲೈ–ಆಗಸ್ಟಿನ ಆಟಿ ತಿಂಗಳ ಜಡಿಮಳೆಯಲ್ಲಿ. ಹಾಗಾಗಿ ಸೂರಿಂದ ನೀರು ಧಾರೆಗಟ್ಟುವಾಗ, ಗೋಡೆಗೆ ಕೈಯಿಟ್ಟರೆ ಒದ್ದೆಯಾಗುವಾಗ, ನೂರೈವತ್ತು ವರ್ಷದ ಕಾಗದವನ್ನು ಬೀರುವಿನಿಂದ ಹೊರಗೆ ತಂದು ಸಭಾಂಗಣದ ಮೇಜಿನ ಮೇಲೆ ಹರಡಲಾಗುತ್ತದೆ. ಗಾಳಿಯ ತೇವ ಶೇ. 65 ದಾಟಿದರೆ ಪುಸ್ತಕಕ್ಕೆ ಬೂಷ್ಟು ಹತ್ತಲು ದಾರಿ ತೆರೆದಂತೆ, ಶೇ. 45ರಿಂದ 55 ಇದ್ದರೆ ಕಾಗದ ನೆಮ್ಮದಿಯಾಗಿರುತ್ತದೆ. ಕಾಫಿಯಲ್ಲಿ ತೇವ 11 ದಾಟಿತೋ ಎಂದು ಮೀಟರ್ ಚುಚ್ಚಿ ನೋಡುವ ಅದೇ ಸಂಘಟಕರಿಗೆ ಪುಸ್ತಕದ ಕೋಣೆಗೆ ಒಂದು ತೇವಮಾಪಕ ಇಡಿ ಅಂದರೆ, 'ಅದಕ್ಕೆಲ್ಲ ಬಜೆಟ್ ಇಲ್ಲ ಸಾರ್' ಅನ್ನುತ್ತಾರೆ. ಬಜೆಟ್ ಶಾಲಿಗೆ ಹೋಗಿದೆ.

ಶಾಲಿನ ಲೆಕ್ಕ ಸರಳ. ವೇದಿಕೆಯಲ್ಲಿ ಹನ್ನೊಂದು ಕುರ್ಚಿ, ಹನ್ನೊಂದು ಶಾಲು, ಹನ್ನೊಂದು ಹಾರ, ಹನ್ನೊಂದು ಬುಟ್ಟಿ ಹಣ್ಣು, ಮೇಲೆ ಎರಡು ಶಾಲು ತಡವಾಗಿ ಬರುವವರಿಗೆ. ಪುಸ್ತಕಕ್ಕೆ ಕುರ್ಚಿಯಿಲ್ಲ. ಅದಕ್ಕೆ ಸಿಗುವುದು ದೀಪದ ಕಂಬದ ಬುಡ, ಅದೂ ಫೋಟೊ ಚೆನ್ನಾಗಿ ಬರಲಿ ಅಂತ. ಐದು ಬತ್ತಿ, ಐವರು ಗಣ್ಯರು, ಕೈಯಿಂದ ಕೈಗೆ ದಾಟುವ ಒಂದು ಮೇಣದ ಬತ್ತಿ. ಎಣ್ಣೆಯ ಒಂದು ಹನಿ ಸಿಡಿದರೆ ಆ ಜಾಗದಲ್ಲಿ ಕಾಗದ ಕಿಟಕಿಯಂತೆ ಪಾರದರ್ಶಕವಾಗುತ್ತದೆ, ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ನೀರಿಗೆ ಹೋಗುವುದಿಲ್ಲ. ಇದಕ್ಕೆ ಉದ್ಘಾಟನೆ ಎಂದು ಹೆಸರು.

ನಂತರ ದಿಕ್ಸೂಚಿ ಭಾಷಣ. ದಿಕ್ಕು ಯಾವಾಗಲೂ ಒಂದೇ. ಹಲ್ಮಿಡಿಯಿಂದ ಹೊರಟು, ತಾಳೆಗರಿಯ ಮೇಲೆ ಅರ್ಧ ಗಂಟೆ ನಡೆದು, ಸಮುದ್ರ ಹಾರಿ 1455ರ ಹೊತ್ತಿನ ಗುಟೆನ್‌ಬರ್ಗ್ ಬೈಬಲಿಗೆ ನಮಸ್ಕರಿಸಿ, ವಾಪಸ್ ಬರುವಾಗ ಬಂಗಾಳದ ಸೇರಾಂಪುರದಲ್ಲಿ ಇಳಿದು ಮಿಷನರಿ ವಿಲಿಯಂ ಕೇರಿಯ 1817ರ ಕನ್ನಡ ವ್ಯಾಕರಣ ನೋಡಿ, 1841ರಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದ ಮಂಗಳೂರು ತಲುಪುತ್ತದೆ. 1843ರ ಜುಲೈ 1ಕ್ಕೆ ಜರ್ಮನ್ ಪಾದ್ರಿ ಹೆರ್ಮನ್ ಮೊಗ್ಲಿಂಗ್ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸುತ್ತಾರೆ, ಚಪ್ಪಾಳೆ. ಅಲ್ಲಿಂದ ಪುತ್ತೂರು, ಸುಳ್ಯ ದಾಟಿ ಕೊಡಗಿಗೆ ಏರುವ ಸಂಪಾಜೆ ಘಾಟಿ ಹತ್ತಬೇಕು ಅನ್ನುವಷ್ಟರಲ್ಲಿ ಚೀಟಿ ಬರುತ್ತದೆ: 'ಸಾರ್, ಊಟಕ್ಕೆ ಲೇಟಾಯ್ತು.' 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿ ಮುಚ್ಚಿತ್ತು, ಆಮೇಲೆ ಸರಿಪಡಿಸಿದರು. ಭಾಷಣದ ಸಂಪಾಜೆ ಘಾಟಿ ಇನ್ನೂ ಬಂದ್.

ಘಾಟಿ ಹತ್ತಿದ್ದರೆ ಏನು ಸಿಗುತ್ತಿತ್ತು? ಅದೇ ಮೊಗ್ಲಿಂಗ್ ಕೊಡಗಿಗೆ ಬಂದು ಬರೆದ, 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ 'ಕೂರ್ಗ್ ಮೆಮಾಯರ್ಸ್' ಸಿಗುತ್ತಿತ್ತು. ಪಾದ್ರಿ ರಿಕ್ಟರ್ ಸಂಕಲಿಸಿ 1870ರಲ್ಲಿ ಮಂಗಳೂರಿನಲ್ಲಿ ಅಚ್ಚಾದ 'ಮ್ಯಾನ್ಯುಯಲ್ ಆಫ್ ಕೂರ್ಗ್' ಸಿಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಡಿಕೇರಿಯಂಡ ಚಿಣ್ಣಪ್ಪನವರ 1924ರ 'ಪಟ್ಟೋಲೆ ಪಳಮೆ'. ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ ಪುಸ್ತಕ ಅದು. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಕನ್ನಡ ಅಕ್ಷರಮಾಲೆಯಲ್ಲಿಲ್ಲದ ಸ್ವರಗಳಿವೆ. ಕನ್ನಡದ ಅಚ್ಚುಮೊಳೆಗಳನ್ನೇ ಹಿಡಿದು ಕೂತ ಜೋಡಣೆಗಾರ ಅವನ್ನು ಹೇಗೆ ನಿಭಾಯಿಸಿದ? ಎಲ್ಲಿ ಯಾವ ಅಕ್ಷರವನ್ನು ಬದಲಿಗೆ ಕೂರಿಸಿದ? ಪುಸ್ತಕದ ಇತಿಹಾಸ ಅಂದರೆ ಈ ಪ್ರಶ್ನೆ. ಇದನ್ನು ಕೇಳಲು ವೇದಿಕೆ ಬೇಡ, ಒಂದು ಭೂತಗನ್ನಡಿ ಸಾಕು. ಬಹುಶಃ ಅದಕ್ಕೇ ಯಾರೂ ಕೇಳುವುದಿಲ್ಲ.

ಪ್ರದರ್ಶನದ ಮೇಜಿಗೆ ಬನ್ನಿ. ಇಲ್ಲಿ ಬಿಳಿ ಕೈಗವಸು ಕಡ್ಡಾಯ, ಟಿ.ವಿ.ಯಲ್ಲಿ ನೋಡಿದ್ದು. ಬಟ್ಟೆಯ ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ಗೊತ್ತಾಗದೆ ಹರಿಯುತ್ತದೆ, ತೊಳೆದು ಒರೆಸಿದ ಬರಿಗೈಯೇ ಕಾಗದಕ್ಕೆ ಕ್ಷೇಮ ಎಂದು ಸಂರಕ್ಷಕರು ಹೇಳುತ್ತಲೇ ಇದ್ದಾರೆ. ಗಣ್ಯರು ಗವಸು ತೊಡುತ್ತಾರೆ, ಪುಟ ತಿರುಗಿಸುವ ಮುನ್ನ ಅಭ್ಯಾಸಬಲದಿಂದ ಗವಸಿನ ತುದಿಯನ್ನು ನಾಲಿಗೆಗೆ ತಾಗಿಸುತ್ತಾರೆ. ಫೋಟೊದವನು 'ಇನ್ನೂ ಸ್ವಲ್ಪ ಬಿಡಿಸಿ ಸಾರ್' ಅನ್ನುತ್ತಾನೆ. ಪುಸ್ತಕವನ್ನು ಅಂಗಾತ ಮಲಗಿಸಿ ಒತ್ತಿದಾಗ ಬೆನ್ನಿನಿಂದ ಒಂದು ಸದ್ದು ಬರುತ್ತದೆ. ಎರಡೂ ಕಡೆ ಸುತ್ತಿದ ಟವೆಲ್ ಇಟ್ಟು ಅರ್ಧವಷ್ಟೇ ತೆರೆದಿದ್ದರೆ ಆ ಸದ್ದು ಬರುತ್ತಿರಲಿಲ್ಲ. ಟವೆಲ್‌ಗಳೇನೋ ಇದ್ದವು, ವೇದಿಕೆಯ ಕುರ್ಚಿಗಳ ಬೆನ್ನಿಗೆ ಹೊದಿಸಿದ್ದರು.

ಸಂಗ್ರಾಹಕರ ನಡುವಿನ ಪೈಪೋಟಿ ಇನ್ನೊಂದು ಬಗೆ. ಒಬ್ಬರ ಬಳಿ ಕಿಟ್ಟೆಲ್ ನಿಘಂಟಿನ 1894ರ ಮೊದಲ ಮುದ್ರಣ ಇದೆಯಂತೆ. ಮುಖಪುಟದ ಒಳಗೆ ಮಂಗಳೂರು, 1894 ಎಂದೇ ಇದೆ, ಸುಳ್ಳಲ್ಲ. ಆದರೆ ಮೂಲದ ಫೋಟೊ ತೆಗೆದು ಆಫ್‌ಸೆಟ್‌ನಲ್ಲಿ ಮಾಡಿದ ಮರುಮುದ್ರಣಗಳಲ್ಲೂ ಆ ಹಾಳೆ ಹಾಗೇ ಇರುತ್ತದೆ. ಮಗುಚಿ ಹಿಂಬದಿ ನೋಡಬೇಕು. ನೋಡಲು ಮನಸ್ಸಿಲ್ಲದಿದ್ದರೆ ಕಣ್ಣು ಮುಚ್ಚಿ ಹಾಳೆಯ ಹಿಂಬದಿಗೆ ಬೆರಳು ಆಡಿಸಿದರೂ ಆಯಿತು. ಮೊಳೆ ಒತ್ತಿದ ಅಚ್ಚಾದರೆ ಸಣ್ಣ ಉಬ್ಬು ತಾಗುತ್ತದೆ, ಆಫ್‌ಸೆಟ್ ಆದರೆ ನುಣ್ಣಗೆ. (ಗವಸು ಹಾಕಿದವರಿಗೆ ಇದೂ ತಿಳಿಯದು.) ಪುಟ ಪೂರ್ತಿ ಇವೆಯೇ ಎಂದು ತಿಳಿಯಲು ಫಾರಂ ಎಣಿಸಬೇಕು. ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಹಾಳೆ, ಹದಿನಾರು ಪುಟ, ಅದೊಂದು ಫಾರಂ. ಒಂದು ಹಾಳೆ ಹರಿದುಹೋದರೆ ಅದರ ಜೋಡಿ ಹಾಳೆಯೂ ಹೊಲಿಗೆಯಲ್ಲಿ ಸಡಿಲವಾಗುತ್ತದೆ. ಎಣಿಸುವ ತಾಳ್ಮೆ ಇಲ್ಲದವರು ಬೆಲೆ ಹೇಳುತ್ತಾರೆ.

ದುರಸ್ತಿಯ ವಿಷಯ ಹೇಳದಿರುವುದೇ ಲೇಸು, ಆದರೂ ಹೇಳಬೇಕು. ಹರಿದ ಪುಟಕ್ಕೆ ಸೆಲೋಟೇಪ್. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಪಟ್ಟಿ ಉದುರುತ್ತದೆ, ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗಿ ನಿಲ್ಲುತ್ತದೆ. ಇನ್ನೂ ಹೆಚ್ಚಿನ ಪ್ರೀತಿ ಇದ್ದವರು ಲ್ಯಾಮಿನೇಷನ್ ಮಾಡಿಸುತ್ತಾರೆ. ಅದನ್ನು ಬಿಡಿಸುವ ದಾರಿಯಿಲ್ಲ. ಬೇಕಾದದ್ದು ತೆಳುವಾದ ಜಪಾನಿ ಕಾಗದ, ಮೈದಾ ಅಂಟು. ಹಿಂದೆ ಬೈಂಡಿಂಗ್‌ನವರು ಹುಳ ಹತ್ತದಿರಲಿ ಎಂದು ಅಂಟಿಗೆ ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಿದ್ದರು. ತಾಮ್ರ ಕಾಗದವನ್ನೇ ಕೆಡಿಸುತ್ತದೆ ಎಂದು ಈಗ ಅದೂ ಬೇಡ ಅನ್ನುತ್ತಾರೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂದು ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಲೆಕ್ಕವನ್ನು ನಿದ್ದೆಯಲ್ಲೂ ಒಪ್ಪಿಸುವ ತೋಟದ ಯಜಮಾನರಿಗೆ ಈ ಮಾತು ಒಂದೇ ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಆ ನಿಮಿಷ ಸ್ವಾಗತ ಗೀತೆಗೆ ಹೋಯಿತು.

ಊಟದ ಸಾಲು ಪ್ರದರ್ಶನದ ಮೇಜನ್ನು ಒರಸಿಕೊಂಡೇ ಸಾಗುತ್ತದೆ. ಅಕ್ಕಿಯುಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ, ಕೊನೆಗೆ ಆಟಿ ಸೊಪ್ಪಿನ ನೇರಳೆ ಬಣ್ಣದ ಪಾಯಸ. ಮರದ ತಿರುಳಿನಿಂದ ಮಾಡಿ ಪಟಿಕ ಹಾಕಿದ ಕಾಗದದಲ್ಲಿ ಹುಳಿ ಮೊದಲೇ ಇರುತ್ತದೆ, ಅದೇ ಅದನ್ನು ಒಳಗಿನಿಂದ ಪುಡಿಮಾಡುವುದು. ಪಂದಿಕರಿಗೆ ಹಾಕಿದ ಹುಳಿರಸ ಕಾಚಂಪುಳಿ ಅದರ ಮೇಲಿನ ಕೊಡುಗೆ. ಎರಡು ನೇರಳೆ ಬೆರಳಚ್ಚುಗಳಂತೂ ಮುಂದಿನ ಸಂಶೋಧಕರಿಗೆ 'ಪ್ರಾಚೀನ ಶಾಯಿ'ಯ ಪ್ರಬಂಧವೊಂದನ್ನು ಒದಗಿಸಲಿವೆ.

ಮಧ್ಯಾಹ್ನ ಸ್ಮರಣ ಸಂಚಿಕೆಯ ಲೋಕಾರ್ಪಣೆ. ಬಣ್ಣದ ಕಾಗದ ಸುತ್ತಿ ಟೇಪ್ ಹಚ್ಚಿದ್ದಾರೆ, ಎಳೆದಾಗ ಹೊಸ ಪುಸ್ತಕದ ರಕ್ಷಾಪುಟವೂ ಜತೆಗೆ ಬರುತ್ತದೆ. ಹನ್ನೊಂದು ಜನ ಪ್ರತಿಗಳನ್ನು ಎದೆಮಟ್ಟಕ್ಕೆ ಹಿಡಿಯುತ್ತಾರೆ, ಮೂರು ತಲೆಕೆಳಗು. ಈಗ ಓಟಿ ನೋಡಿ. ಐವತ್ತು ನಿಮಿಷದ ಮಾತನ್ನು ಗಿರಣಿಗೆ ಹಾಕಿದರೆ ಮಾನ್ಯರೇ, ಗಣ್ಯರೇ, ಸಮಯದ ಅಭಾವ ಎಲ್ಲ ಸಿಪ್ಪೆಯಾಗಿ ಹಾರಿ, ತಟ್ಟೆಯಲ್ಲಿ ನಿಲ್ಲುವ ಬೀಜ ಎರಡೋ ಮೂರೋ ನಿಮಿಷ. ಅದೂ ಮಂಗಳೂರಿನದ್ದು.

ವಂದನಾರ್ಪಣೆಯಲ್ಲಿ ಪೆಂಡಾಲಿನವರು, ಮೈಕಿನವರು, ಜನರೇಟರಿನವರು ಎಲ್ಲರ ಹೆಸರೂ ಬಂತು. ಹಳೆಯ ಪುಸ್ತಕಗಳನ್ನು ಒದ್ದೆಯಿದ್ದಂತೆಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಎರಡು ನುಸಿಗುಳಿಗೆ ಎಸೆದು, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅಧ್ಯಕ್ಷರ ಜೇಬಿನಲ್ಲಿದೆ. ಅಧ್ಯಕ್ಷರು ಮಳೆ ಮುಗಿಯುವ ತನಕ ಬೆಂಗಳೂರಿನ ಮಗಳ ಮನೆಯಲ್ಲಿದ್ದಾರೆ.