ಚಂದ್ರಗಿರಿಯ ಉತ್ತರಕ್ಕೆ ಮ್ಯಾಂಚೆಸ್ಟರಿನ ಗಡಿ ವಿವಾದ

ಮ್ಯಾಂಚೆಸ್ಟರ್ ಎಂಬ ನಗರದ ಎರಡು ಕಾಲ್ಚೆಂಡು ಕ್ಲಬ್ಬುಗಳ ನಡುವೆ ಹಳೆಯದೊಂದು ಗಡಿ ತಕರಾರು ಇದೆಯೆಂದು ನನಗೆ ತಿಳಿದದ್ದು 2023ರ ಮೇ ತಿಂಗಳಲ್ಲಿ, ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮ ಸಣ್ಣ ಪೇಟೆಯ ಕ್ಷೌರದಂಗಡಿಯ ಕುರ್ಚಿಯಲ್ಲಿ. ಕೆಂಪು ಅಂಗಿಯ ಯುನೈಟೆಡ್‌ನವರ ಮೈದಾನವಾದ ಓಲ್ಡ್ ಟ್ರಾಫರ್ಡ್ ಮ್ಯಾಂಚೆಸ್ಟರ್ ನಗರದ ಆಡಳಿತದ ಗಡಿಯಿಂದ ಆಚೆಗೆ, ಟ್ರಾಫರ್ಡ್ ಎಂಬ ಬೇರೆಯೇ ಆಡಳಿತದ ನೆಲದಲ್ಲಿದೆಯಂತೆ. ಆದುದರಿಂದ ಅದು ಊರಿನ ಕ್ಲಬ್ಬೇ ಅಲ್ಲವೆಂದು ನೀಲಿ ಅಂಗಿಯ ಸಿಟಿಯವರ ವಾದವಂತೆ. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನೀಲಿ ಪಕ್ಷದ ತರುಣನೊಬ್ಬ, ಯುನೈಟೆಡ್‌ನವರು ಅಲ್ಲಿಗೆ ಒಕ್ಕಲು ಹೋದ 1910ನೆಯ ಇಸವಿಯನ್ನೂ ಸೇರಿಸಿ ಇದನ್ನೆಲ್ಲ ನನಗೆ ಮನದಟ್ಟು ಮಾಡಿಕೊಟ್ಟನು. ಗಡಿಯ ವಿಷಯದಲ್ಲಿ ಇಷ್ಟು ಆಸಕ್ತಿಯಿರುವ ಹುಡುಗ ಸಿಕ್ಕಿದನಲ್ಲ ಎಂಬ ಸಂತೋಷದಲ್ಲಿ ನಾನು ಮಹಾಜನರ ವಿಚಾರವೆತ್ತಿದೆ. ಅವನು ನೊರೆಯ ನಡುವಿನಿಂದಲೇ, "ಅವರು ಯಾವ ಟೀಮಿನ ಕೋಚು?" ಎಂದು ವಿಚಾರಿಸಿದನು.

ಚಂದ್ರಗಿರಿ ಹೊಳೆಯ ಉತ್ತರದ ನೆಲ ಕನ್ನಡ ರಾಜ್ಯಕ್ಕೆ ಸೇರತಕ್ಕದ್ದೆಂದು ರಾಜ್ಯಗಳ ಗಡಿ ತಕರಾರನ್ನು ವಿಚಾರಿಸಿದ ಮಹಾಜನ ಆಯೋಗವು 1967ರಲ್ಲಿ ಬರೆದಿಟ್ಟಿದೆ. ನಾವಿಬ್ಬರೂ ಕುಳಿತಿದ್ದ ಕುರ್ಚಿಗಳು ಆ ಹೊಳೆಯ ಉತ್ತರಕ್ಕೇ ಇದ್ದವು ಎಂಬುದನ್ನು ನಾನು ಹೇಳಲು ಹೋಗಲಿಲ್ಲ. ಕತ್ತಿ ಕುತ್ತಿಗೆಯ ಬಳಿಯಿರುವಾಗ ಗಡಿಯ ಮಾತು ಬೆಳೆಸಬಾರದು.

ಅಷ್ಟಕ್ಕೂ ಆ ವರ್ಷದ ಇಂಗ್ಲೆಂಡಿನ ಎಫ್.ಎ. ಕಪ್ಪಿನ ಫೈನಲ್ ಸಾಮಾನ್ಯದ್ದಾಗಿರಲಿಲ್ಲ. 1871ರಲ್ಲಿ ಮೊದಲಾದ ಆ ಪಂದ್ಯಾವಳಿಯ ಅಂತಿಮ ಆಟದಲ್ಲಿ ಮ್ಯಾಂಚೆಸ್ಟರಿನ ಎರಡೂ ಕ್ಲಬ್ಬುಗಳು ಎದುರಾದದ್ದು ಅದೇ ಮೊದಲು. ನಮ್ಮ ಪೇಟೆಯಲ್ಲಿ ದಾಯಾದಿಗಳು ಪಾಲುಪಟ್ಟಿಗೆ ಕುಳಿತಷ್ಟೇ ಗಂಭೀರವಾಗಿ ಪಕ್ಷಗಳು ಒಡೆದವು. ಕೆಂಪಿನವರು ಅಣ್ಣಂದಿರಿಂದ ಹಳೆಯ ಅಂಗಿಯೊಡನೆ ಭಕ್ತಿಯನ್ನೂ ಪಡೆದವರು. ನೀಲಿಯವರ ಸಂಬಂಧ ಇನ್ನೂ ಹತ್ತಿರದ್ದು: ಸಿಟಿಯ ಒಡೆತನ 2008ರಿಂದ ಅಬುಧಾಬಿಯ ಶೇಖ್ ಮನ್ಸೂರರ ಕೈಯಲ್ಲಿದ್ದು, ಅದೇ ಅಬುಧಾಬಿಯಲ್ಲಿ ನಮ್ಮ ತರುಣನ ಸೋದರಮಾವ ನೀರಿನ ಲಾರಿ ಓಡಿಸುತ್ತಿರುವುದರಿಂದ, ಕ್ಲಬ್ಬು ಹೆಚ್ಚುಕಡಿಮೆ ಮನೆಯದ್ದೇ. ಕೆಂಪಿನ ಕ್ಲಬ್ಬನ್ನು 2005ರಲ್ಲಿ ಕೊಂಡವರು ಅಮೆರಿಕದ ಗ್ಲೇಜರ್ ಕುಟುಂಬದವರಾದುದರಿಂದ, ಆ ಕಡೆಗೆ ವೀಸಾ ಸಿಗದ ಕೆಂಪಿನವರು ಈ ವಾದಕ್ಕೆ ಸೋತು ಸುಮ್ಮನಾದರು.

ಸುಮ್ಮನಾದವರು ಫ್ಲೆಕ್ಸ್ ಬರೆಯಿಸಿದರು. ನಿಷೇಧವಿರುವ ವಸ್ತುವಾದುದರಿಂದ ಅದು ಬೇಗನೆ ಸಿಕ್ಕಿತು. ಅದನ್ನು ಕಟ್ಟುವುದಕ್ಕೆ ಪೇಟೆಯಲ್ಲಿ ಗಟ್ಟಿಯಾದ ಎರಡು ಕಬ್ಬಿಣದ ಕಾಲುಗಳಿರುವುದು ಒಂದೇ ಕಡೆ, ಮೂರು ರಸ್ತೆ ಕೂಡುವಲ್ಲಿನ ಊರಿನ ಹೆಸರಿನ ಫಲಕಕ್ಕೆ. ಆ ಫಲಕದ ಚರಿತ್ರೆಯನ್ನು ತುಸು ಹೇಳಬೇಕು. ಮೊದಲು ಅದರಲ್ಲಿ ಇದ್ದದ್ದು ಮಲಯಾಳ ಮತ್ತು ಇಂಗ್ಲಿಷ್ ಮಾತ್ರ. ಊರಿನ ಹಿರಿಯರು ಮನವಿಯ ಮೇಲೆ ಮನವಿ ಕೊಟ್ಟು, ಸಹಿ ಸಂಗ್ರಹಿಸಿ, ಒಮ್ಮೆ ಬಿಸಿಲಿನಲ್ಲಿ ಧರಣಿಯನ್ನೂ ಕುಳಿತ ಮೇಲೆ, ಒಂದು ದಿನ ಯಾರೋ ಬಂದು ಕೆಳಗಡೆ ಒಂದು ಅಂಟುಪಟ್ಟಿಯಲ್ಲಿ ಕನ್ನಡವನ್ನು ಹಚ್ಚಿಹೋದರು. ಊರಿನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಬಂದದ್ದೇ ಭಾಗ್ಯವೆಂದು ಯಾರೂ ಮಾತಾಡಲಿಲ್ಲ. ಫ್ಲೆಕ್ಸಿನ ಮೇಲಂಚು ಸರಿಯಾಗಿ ಇಂಗ್ಲಿಷಿನ ಕೆಳಗೆ ಬಂದು, ಕನ್ನಡದ ಸಾಲು ಕೆಂಪಿನ ಆಟಗಾರ ಬ್ರೂನೋ ಫೆರ್ನಾಂಡಿಸನ ಎಡಭುಜದ ಹಿಂದೆ ಅಡಗಿತು. ಧರಣಿ ಕುಳಿತ ಹಿರಿಯರಲ್ಲಿ ಇಬ್ಬರ ಮೊಮ್ಮಕ್ಕಳೇ ಏಣಿ ಹಿಡಿದಿದ್ದರು. ನೀಲಿಯವರು ಇದನ್ನು ಉಗ್ರವಾಗಿ ಪ್ರತಿಭಟಿಸಿದರು, ತಮ್ಮ ಫ್ಲೆಕ್ಸಿಗೆ ಜಾಗ ಉಳಿಯಲಿಲ್ಲವೆಂಬ ಕಾರಣಕ್ಕೆ.

ಜೂನ್ 3ರ ರಾತ್ರಿ ಏಳೂವರೆಗೆ, ಅಡಿಕೆ ಒಣಗಿಸುವ ಅಂಗಳವೊಂದರಲ್ಲಿ ಬಿಳಿ ವೇಷ್ಟಿಯ ಪರದೆ ಕಟ್ಟಿ ಆಟ ತೋರಿಸಿದರು. ಜನ ಇನ್ನೂ ಚಪ್ಪಲಿ ಬಿಡುತ್ತಿದ್ದರು. ಹನ್ನೆರಡೇ ಸೆಕೆಂಡಿಗೆ ಸಿಟಿಯ ಗುಂಡೊಗನ್ ಚೆಂಡನ್ನು ಬಲೆಗೆ ಹೊಡೆದಾಗಿತ್ತು. ಒಡ್ಡೋಲಗ ಮುಗಿಯುವ ಮೊದಲೇ ಕೀಚಕನ ವಧೆಯಾದಂತಾಯಿತು. ಕಡಲೆ ತರಲು ಹೋಗಿದ್ದ ಕೆಂಪಿನವನೊಬ್ಬನು, ತಾನು ಕಾಣದ ಗೋಲನ್ನು ಒಪ್ಪುವುದಿಲ್ಲವೆಂದು ಮಧ್ಯಂತರದವರೆಗೂ ಹಟ ಹಿಡಿದನು. ಪೆನಾಲ್ಟಿಯಲ್ಲಿ ಫೆರ್ನಾಂಡಿಸ್ ಸರಿಗಟ್ಟಿದ. ವಿರಾಮದ ಬಳಿಕ ಅದೇ ಗುಂಡೊಗನ್ ಮತ್ತೊಂದು ಹೊಡೆದು, ಸಿಟಿ 2-1ರಲ್ಲಿ ಗೆದ್ದಿತು. ಒಂದೇ ಊರಿನ ಇಬ್ಬರ ಈ ಜಗಳ ನಡೆದದ್ದು ಆ ಊರಿನಲ್ಲಲ್ಲ, ರಸ್ತೆಯಲ್ಲಿ ಸುಮಾರು 300 ಕಿಲೋಮೀಟರ್ ದೂರದ ಲಂಡನ್ನಿನ ವೆಂಬ್ಲಿಯಲ್ಲಿ. ಅಂದು ರೈಲು ಚಾಲಕರ ಮುಷ್ಕರವಿದ್ದು, ಮ್ಯಾಂಚೆಸ್ಟರಿನಿಂದ ಲಂಡನ್ನಿಗೆ ನೇರ ರೈಲೇ ಇರಲಿಲ್ಲ. ಹರತಾಳದ ರಾಜ್ಯದವರಾದ ನಮಗೆ ಅವರ ಸಂಕಟ ಚೆನ್ನಾಗಿ ಅರ್ಥವಾಯಿತು. ಇಲ್ಲಿ ಅಂಥ ತೊಂದರೆ ಏನೂ ಇರಲಿಲ್ಲ. ಅಂಗಳಕ್ಕೆ ನಡೆದೇ ಹೋಗಬಹುದಿತ್ತು.

ಮರುದಿನ ಬೆಳಗ್ಗೆ ಗೆದ್ದವರು ಸೋತವರ ಫ್ಲೆಕ್ಸನ್ನು ವಿಧಿವತ್ತಾಗಿ ಇಳಿಸಿದರು. ಬಿಸಿಲಿಗೆ ಕರಗಿ ಹಿಡಿದುಕೊಂಡಿದ್ದ ಅಂಟು ಸುಲಭದಲ್ಲಿ ಬಿಡಲಿಲ್ಲ. ಜೋರಾಗಿ ಎಳೆದಾಗ ಫೆರ್ನಾಂಡಿಸನ ಭುಜದ ಜತೆಗೆ ಕನ್ನಡದ ಪಟ್ಟಿಯೂ ಎದ್ದುಬಂತು. ಮಳೆ ಹಿಡಿದ ಮೇಲೆ ಆ ಫ್ಲೆಕ್ಸು ಒಬ್ಬರ ಸೌದೆಯ ರಾಶಿಗೆ ಹೊದಿಕೆಯಾಯಿತು. ಅದರ ಹಿಂಬದಿಯಲ್ಲಿ ನಮ್ಮ ಊರಿನ ಹೆಸರು, ಒತ್ತಕ್ಷರದ ತಪ್ಪಿನ ಸಮೇತ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಆ ಮಳೆಗಾಲವಿಡೀ ಓದಲು ಸಿಗುತ್ತಿತ್ತು.

ಮರುವರ್ಷ 2024ರ ಮೇ 24ಕ್ಕೆ ಕಾಸರಗೋಡು ಜಿಲ್ಲೆಗೆ ನಲವತ್ತು ತುಂಬಿತು. ಪೇಟೆಯಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ಮರುದಿನವೇ ಅದೇ ಇಬ್ಬರ ನಡುವೆ ಮತ್ತೆ ಫೈನಲ್ ಆಗಿ, ಈ ಬಾರಿ ಕೆಂಪಿನವರು ಅದೇ 2-1ರಲ್ಲಿ ಸೇಡು ತೀರಿಸಿಕೊಂಡರು. ರಾತ್ರಿ ಹನ್ನೆರಡರವರೆಗೆ ಮಾಲೆಪಟಾಕಿ. ಫ್ಲೆಕ್ಸು ಅದೇ ಫಲಕದ ಕಾಲುಗಳಿಗೇ ಬಂತು. ಈ ಸಲ ಇಂಗ್ಲಿಷಿನ ಕೆಳಗೆ ಬೇಕಾದಷ್ಟು ಜಾಗವಿದ್ದುದರಿಂದ, ನೀಲಿಯವರದ್ದಕ್ಕೂ ಒಂದು ಮೂಲೆ ಸಿಕ್ಕಿತು.